ಮೀಸೆ ಹೊತ್ತ ಡೀಸೆಲ್ ಗಾಡಿಗಳು

ಉಗಿ ಇಂಜಿನ್ನನ್ನು ಮೆಚ್ಚುವವರಿಗೆ ಯಾರೂ ಕಾರಣ ಕೇಳುವುದಿಲ್ಲ. ಬೆಂಕಿ, ಹೊಗೆ, ಚಕ್ರಗಳ ಜೊತೆ ಹೊರಗೇ ಆಡುವ ಉಕ್ಕಿನ ತೋಳುಗಳು, ಎಲ್ಲವೂ ಕಣ್ಣೆದುರಿಗಿರುತ್ತವೆ. ಆದರೆ 1950ರ ದಶಕದಲ್ಲಿ ಬ್ರಿಟನ್ನಿನ ಹಳಿಗಳಿಗೆ ಬಂದ ಡೀಸೆಲ್ ಪ್ಯಾಸೆಂಜರ್ ಗಾಡಿಗಳು, ಅಂದರೆ ಇಂಗ್ಲೆಂಡಿನವರು ಡಿಎಂಯು ಎಂದು ಕರೆಯುವ, ನಮ್ಮ ಇಂದಿನ ಡೆಮು ಗಾಡಿಗಳ ಜಾತಿಗೇ ಸೇರಿದ ಎರಡು ಮೂರು ಬೋಗಿಗಳ ರೈಲುಗಳು, ಹಾಗೆ ಸುಲಭವಾಗಿ ಮನಸ್ಸು ಸೆಳೆಯುವಂಥವಲ್ಲ. ಅವು ಬಂದ ಕಾಲದಲ್ಲಿ ಬಹಳಷ್ಟು ರೈಲುಪ್ರಿಯರು ಅವುಗಳನ್ನು ಪ್ರೀತಿಯ ಉಗಿಬಂಡಿಯನ್ನು ಓಡಿಸಲು ಬಂದ ಶತ್ರುಗಳೆಂದೇ ಕಂಡರು. ಹಾಗಿದ್ದೂ ಇಂದು ಬ್ರಿಟನ್ನಿನ ಮಾದರಿ ರೈಲು ಹವ್ಯಾಸಿಗಳಲ್ಲಿ ಇವುಗಳಿಗೆ ನಿಷ್ಠಾವಂತ ಬಳಗವೊಂದಿದೆ. ಈ ಆಸಕ್ತಿಯನ್ನು ಬರೀ ಹಳೆಯ ದಿನಗಳ ಹಂಬಲವೆಂದು ಬದಿಗಿಡುವುದು ತಪ್ಪು ಎಂಬುದು ನನ್ನ ವಾದ. ದೊಡ್ಡ ಕಥನಗಳು ದಾಟಿಕೊಂಡು ಹೋದ ಒಂದು ನಡುಗಾಲವನ್ನು ಈ ಹವ್ಯಾಸಿಗಳು ಇತಿಹಾಸಕಾರನ ಶಿಸ್ತಿನಿಂದಲೇ ದಾಖಲಿಸುತ್ತಿದ್ದಾರೆ.

ಆ ನಡುಗಾಲದ ಬೇರು ಸ್ವಲ್ಪ ಹಿಂದಿದೆ. ಗ್ರೇಟ್ ವೆಸ್ಟರ್ನ್ ರೈಲ್ವೆ 1930ರ ದಶಕದಲ್ಲೇ ಎಇಸಿ ಕಂಪನಿಯ ಡೀಸೆಲ್ ರೈಲ್‌ಕಾರುಗಳನ್ನು ಓಡಿಸಿತ್ತು. ದುಂಡು ಮೂತಿಯ ಆ ಗಾಡಿಗಳಿಗೆ ಜನ ಹಾರುವ ಬಾಳೆಹಣ್ಣು ಎಂದು ಅಡ್ಡಹೆಸರಿಟ್ಟಿದ್ದರು. ಆದರೆ ಪ್ರಯೋಗ ಪದ್ಧತಿಯಾಗಿ ಬದಲಾದದ್ದು ಎರಡನೇ ಮಹಾಯುದ್ಧ ಮುಗಿದು, 1948ರಲ್ಲಿ ರೈಲ್ವೆ ರಾಷ್ಟ್ರೀಕರಣವಾದ ಮೇಲೆ. ಡರ್ಬಿ ಕಾರ್ಖಾನೆಯಲ್ಲಿ ಹಗುರ ಲೋಹದಿಂದ ಕಟ್ಟಿದ ಗಾಡಿಗಳು 1954ರಲ್ಲಿ ಯಾರ್ಕ್‌ಶೈರಿನ ಲೀಡ್ಸ್, ಬ್ರಾಡ್‌ಫರ್ಡ್ ಸುತ್ತಮುತ್ತ ಓಡತೊಡಗಿದವು. ಮರುವರ್ಷದ ಆಧುನೀಕರಣ ಯೋಜನೆ 124 ಕೋಟಿ ಪೌಂಡುಗಳ ಲೆಕ್ಕ ಮುಂದಿಟ್ಟು, ಉಗಿಯ ಕಾಲ ಮುಗಿಯಿತೆಂದು ಸಾರಿತು. 1960ರ ದಶಕದ ಆರಂಭದ ಹೊತ್ತಿಗೆ ಸುಮಾರು 4,000 ಡೀಸೆಲ್ ಬೋಗಿಗಳು ತಯಾರಾಗಿದ್ದವು. ಕೆಲಸ ಬೇಗ ಆಗಬೇಕಿತ್ತು. ಹೀಗಾಗಿ ಡರ್ಬಿ, ಸ್ವಿಂಡನ್‌ನ ಸರಕಾರಿ ಕಾರ್ಖಾನೆಗಳ ಜೊತೆಗೆ ಮೆಟ್ರೊಪಾಲಿಟನ್ ಕ್ಯಾಮೆಲ್, ಗ್ಲಾಸ್ಟರ್, ಕ್ರೇವನ್ಸ್, ಪ್ರೆಸ್ಡ್ ಸ್ಟೀಲ್ ಮುಂತಾದ ಖಾಸಗಿ ಕಂಪನಿಗಳಿಗೂ ಕೆಲಸ ಹಂಚಲಾಯಿತು. ಒಂದೇ ಉದ್ದೇಶದ ಗಾಡಿಗಳಿಗೆ ಹತ್ತಾರು ಮುಖಗಳು ಬಂದದ್ದು ಈ ಅವಸರದಿಂದ.

ಅವುಗಳ ಹಿಂದಿದ್ದ ಲೆಕ್ಕಾಚಾರ ಸರಳ. ಉಗಿ ಇಂಜಿನ್ನು ಬೆಳಗಿನ ಮೊದಲ ಗಾಡಿಗೆ ಸಿದ್ಧವಾಗಬೇಕಾದರೆ ಗಂಟೆಗಟ್ಟಲೆ ಮೊದಲೇ ಬೆಂಕಿ ಹಚ್ಚಬೇಕು. ಡ್ರೈವರ್ ಜೊತೆ ಫೈರ್‌ಮನ್ ಬೇಕು, ನೀರು ತುಂಬಬೇಕು, ಬೂದಿ ತೆಗೆಯಬೇಕು. ಕೊನೆಯ ನಿಲ್ದಾಣ ತಲುಪಿದರೆ ಇಂಜಿನ್ನು ಕಳಚಿಕೊಂಡು, ಪಕ್ಕದ ಹಳಿಯಲ್ಲಿ ಹಿಂದೆ ಬಂದು, ಬೋಗಿಗಳ ಇನ್ನೊಂದು ತುದಿಗೆ ಸೇರಿಕೊಳ್ಳಬೇಕು. ಡೀಸೆಲ್ ಗಾಡಿಯಲ್ಲಿ ಡ್ರೈವರ್ ಎದ್ದು ಇನ್ನೊಂದು ತುದಿಯ ಕೋಣೆಗೆ ನಡೆದುಹೋದರೆ ಸಾಕು. ಬಸ್ಸು, ಲಾರಿಗಳ ಬಳಗದ, ಸಾಮಾನ್ಯವಾಗಿ 150 ಅಶ್ವಶಕ್ತಿಯ ಇಂಜಿನ್ನುಗಳು ನೆಲದಡಿ ತೂಗುತ್ತಿದ್ದುದರಿಂದ ಇಡೀ ಬೋಗಿ ಪ್ರಯಾಣಿಕರಿಗೇ ಸಿಗುತ್ತಿತ್ತು. ಡ್ರೈವರ್ ಬೆನ್ನ ಹಿಂದಿನ ಗಾಜಿನ ಮೂಲಕ ಮುಂದಿನ ಹಳಿ ಕಾಣುತ್ತಿತ್ತು. ಅದುವರೆಗೆ ಬಹುಮಟ್ಟಿಗೆ ರೈಲು ಸಿಬ್ಬಂದಿಗಷ್ಟೇ ಮೀಸಲಾಗಿದ್ದ ಆ ನೋಟ ಸಾಮಾನ್ಯ ಟಿಕೆಟ್ಟಿಗೇ ಸಿಕ್ಕಿದ್ದು ದೊಡ್ಡ ಬದಲಾವಣೆಯೆಂದೇ ನನಗನಿಸುತ್ತದೆ. ಹೊಸ ಗಾಡಿಗಳು ಬಂದ ಹಲವು ಮಾರ್ಗಗಳಲ್ಲಿ ಜನ ಮತ್ತೆ ರೈಲು ಹತ್ತತೊಡಗಿದರು.

ಆದರೂ ಹಲವು ಕವಲು ಮಾರ್ಗಗಳು ಉಳಿಯಲಿಲ್ಲ. ಬಡ ಮಾರ್ಗಗಳನ್ನು ಉಳಿಸಿಕೊಳ್ಳಲೆಂದು 1958ರಲ್ಲಿ ಬಂದ 22 ನಾಲ್ಕುಚಕ್ರದ ರೈಲ್‌ಬಸ್ಸುಗಳು ಸಹ ಆ ಮಾರ್ಗಗಳ ಜೊತೆಗೇ ಮರೆಯಾದವು. 1963ರ ಮಾರ್ಚಿನಲ್ಲಿ ಹೊರಬಂದ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಅವರ ವರದಿ 2,363 ನಿಲ್ದಾಣಗಳನ್ನು ಮುಚ್ಚಲು ಸೂಚಿಸಿತು. ಎಷ್ಟೋ ಊರುಗಳಿಗೆ ಬಂದ ಕೊನೆಯ ರೈಲು ಹಸಿರು ಬಣ್ಣದ ಡಿಎಂಯು ಆಗಿತ್ತು. ಮಾರ್ಗ ಉಳಿಸಲು ಬಂದ ಗಾಡಿಯೇ ಮಾರ್ಗದ ಕೊನೆಗೆ ಸಾಕ್ಷಿಯಾದದ್ದು ಈ ಕಾಲದ ಕಷ್ಟದ ಕಥೆ. ಉಗಿಯ ವೈಭವ ಅಥವಾ 1976ರ ಇಂಟರ್‌ಸಿಟಿ 125 ರೈಲಿನ ವೇಗ, ಇವೆರಡರ ಸುತ್ತ ಹೆಣೆದ ಇತಿಹಾಸದಲ್ಲಿ ಈ ಕಥೆಗೆ ಜಾಗ ಕಡಿಮೆ.

ಹವ್ಯಾಸಿಗಳು ಈ ಗಾಡಿಗಳನ್ನು ಆರಿಸಿಕೊಂಡದ್ದು ಜಾಗದ ಅನುಕೂಲಕ್ಕಾಗಿ ಎಂಬುದು ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ. ಅದರಲ್ಲಿ ನಿಜಾಂಶವಿದೆ. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಡಬಲ್ ಓ ಅಳತೆಯಲ್ಲಿ ಒಂದು ಅಡಿಗೆ 4 ಮಿಲಿಮೀಟರ್. 57 ಅಡಿಯ ಬೋಗಿ 228 ಮಿಲಿಮೀಟರಿಗೆ ಇಳಿಯುತ್ತದೆ, ಎರಡು ಬೋಗಿಯ ಇಡೀ ರೈಲು ಅರ್ಧ ಮೀಟರಿನೊಳಗೆ ಮುಗಿಯುತ್ತದೆ. ಉಗಿ ಇಂಜಿನ್ನಿಗೆ ಮೂರು ಬೋಗಿ ಸೇರಿಸಿದರೆ ಒಂದು ಮೀಟರ್ ದಾಟುತ್ತದೆ, ಜೊತೆಗೆ ಇಂಜಿನ್ ಸುತ್ತಿ ಬರಲು ಇನ್ನೊಂದು ಹಳಿ ಬೇಕು. ರೈಲ್ವೆ ಮಾಡೆಲರ್ ಪತ್ರಿಕೆಯ ಸಂಪಾದಕ ಸಿರಿಲ್ ಫ್ರೀಜರ್ 1957ರಲ್ಲಿ ಪ್ರಕಟಿಸಿದ ಮೈನರೀಸ್ ಎಂಬ ಪುಟ್ಟ ನಗರ ನಿಲ್ದಾಣದ ನಕ್ಷೆ ಇಂದಿಗೂ ಜನಪ್ರಿಯ. ಅಂಥ ಕಿರಿದಾದ ನಿಲ್ದಾಣಕ್ಕೆ ಡಿಎಂಯು ಹೇಳಿ ಮಾಡಿಸಿದ ಗಾಡಿ. ಆದರೆ ಈ ಅನುಕೂಲವೇ ನನಗೆ ಸ್ವಾರಸ್ಯವಾಗಿ ಕಾಣುವುದು. ರೈಲ್ವೆಯ ಲೆಕ್ಕಿಗರು ಯಾವ ಗುಣಕ್ಕಾಗಿ ಈ ಗಾಡಿಯನ್ನು ತಂದರೋ ಅದೇ ಗುಣಕ್ಕಾಗಿ ಮನೆಯ ಮೂಲೆಯಲ್ಲಿ ಹಳಿ ಹಾಸುವವನೂ ತರುತ್ತಾನೆ. ಕಡಿಮೆ ಜಾಗ, ಕಡಿಮೆ ಹಳಿ, ತಕ್ಷಣ ಹಿಂದಿರುಗುವ ಸಾಮರ್ಥ್ಯ: ಡೀಸೆಲ್ ಗಾಡಿ ಏಕೆ ಗೆದ್ದಿತೆಂಬುದನ್ನು ಮಾದರಿ ಕಟ್ಟುವವನು ಪುಸ್ತಕ ತೆರೆಯದೆಯೇ ಕೈಯಾರೆ ಅರಿಯುತ್ತಾನೆ. ಶಂಟಿಂಗ್ ಇಲ್ಲದ ನಿಲ್ದಾಣ ಬೇಸರವಲ್ಲವೇ ಎನ್ನುವವರಿಗೂ ಉತ್ತರ ಇತಿಹಾಸದಲ್ಲೇ ಇದೆ. ಪಾರ್ಸೆಲ್ ತುಂಬಿದ ಒಂದು ವ್ಯಾಗನ್ನನ್ನು ಬಾಲಕ್ಕೆ ಕಟ್ಟಿಕೊಂಡು ಓಡುವುದು ಆ ಕಾಲದ ಡಿಎಂಯುಗಳ ನಿತ್ಯದ ರೂಢಿಯಾಗಿತ್ತು, ಅದನ್ನು ಬಿಚ್ಚಿ ಬದಿಯ ಹಳಿಗೆ ತಳ್ಳುವ ಕೆಲಸ ಇದ್ದೇ ಇರುತ್ತಿತ್ತು.

ಬರೀ ಅನುಕೂಲವೇ ಕಾರಣವಾಗಿದ್ದರೆ ಯಾವ ಬಣ್ಣದ ಯಾವ ಗಾಡಿಯಾದರೂ ನಡೆಯಬೇಕಿತ್ತು. ನಡೆಯುವುದಿಲ್ಲ. ಮೊದಲ ವರ್ಷಗಳಲ್ಲಿ ಹಸಿರು ಗಾಡಿಗಳ ಮೂತಿಗೆ ಹಳದಿ ಪಟ್ಟೆಗಳ ಮೀಸೆ ಬರೆಯುತ್ತಿದ್ದರು. ಉಗಿಬಂಡಿಯಷ್ಟು ಸದ್ದಿಲ್ಲದೆ ಬರುವ ಗಾಡಿ ಹಳಿಯ ಮೇಲೆ ಕೆಲಸ ಮಾಡುವವರ ಕಣ್ಣಿಗೆ ಬೇಗ ಬೀಳಲಿ ಎಂದು 1960ರ ದಶಕದ ಆರಂಭದಲ್ಲಿ ಮೀಸೆಯ ಜಾಗಕ್ಕೆ ಚಿಕ್ಕ ಹಳದಿ ಚೌಕ ಬಂತು. 1965ರ ನಂತರ ನೀಲಿ ಬಣ್ಣ ಹರಡಿತು, ಮೂತಿ ಪೂರ್ತಿ ಹಳದಿಯಾಯಿತು. ಆಮೇಲೆ ನೀಲಿ ಮತ್ತು ಬೂದು, ದುರಸ್ತಿಯಾಗಿ ಬಂದವಕ್ಕೆ ನೀಲಿ ಪಟ್ಟೆಯ ಬಿಳಿ. ಬಲ್ಲವನು ಒಂದು ಗಾಡಿಯ ಮುಖ ನೋಡಿಯೇ ಇಡೀ ದೃಶ್ಯ ಯಾವ ವರ್ಷಗಳದ್ದೆಂದು ಹೇಳಬಲ್ಲ. ಪ್ಲಾಟ್‌ಫಾರ್ಮಿನ ಫಲಕ, ನಿಲ್ದಾಣದ ಹೊರಗಿನ ಕಾರು, ಸಿಗ್ನಲ್ ಎಲ್ಲವೂ ಆ ವರ್ಷಕ್ಕೆ ಹೊಂದಬೇಕು. ಒಂದು ಸ್ಥಳ, ಒಂದು ವರ್ಷ ಆರಿಸಿಕೊಂಡು ಅದಕ್ಕೆ ವಿರುದ್ಧವಾದದ್ದನ್ನೆಲ್ಲ ಹೊರಗಿಡುವುದು ಇತಿಹಾಸ ಬರೆಯುವವನ ಕೆಲಸವೇ. ಗಾಡಿಗೆ ಗಾಡಿ ಜೋಡಿಸುವಲ್ಲಿಯೂ ಇದೇ ನಿಷ್ಠುರತೆ. ನಿಯಂತ್ರಣ ವ್ಯವಸ್ಥೆ ಪರಸ್ಪರ ಹೊಂದಿಕೆಯಾಗದ ಗಾಡಿಗಳು ಒಂದಕ್ಕೊಂದು ಸೇರಬಾರದೆಂದು ಅವುಗಳ ಮೂತಿಗೆ ನೀಲಿ ಚೌಕ, ಹಳದಿ ವಜ್ರ, ಕೆಂಪು ತ್ರಿಕೋನದಂಥ ಗುರುತುಗಳಿದ್ದವು. ನೀಲಿ ಚೌಕವೇ ಮುಂದೆ ಬಹುತೇಕ ಎಲ್ಲೆಡೆ ನಿಂತಿತು. ಬೇರೆ ಗುರುತಿನ ಮೊದಲ ಡರ್ಬಿ ಗಾಡಿಗಳು ಒಂಟಿಯಾಗಿ, 1960ರ ದಶಕ ಮುಗಿಯುವುದರೊಳಗೆ ಸೇವೆಯಿಂದ ಮರೆಯಾದವು. ಆ ಪುಟ್ಟ ಗುರುತನ್ನು ಮಾದರಿಯ ಮೇಲೆ ಸರಿಯಾಗಿ ಬರೆಯುವವನಿಗೆ ಆತುರದ ಯೋಜನೆಯ ಬೆಲೆ ಏನೆಂದು ಗೊತ್ತಾಗಿರುತ್ತದೆ.

ಇದೆಲ್ಲ ತೊಳೆದು ಒರೆಸಿದ ಗತಕಾಲ, ನಿಜವಾದ ಕೊಳೆ, ಕಂಪನ, ನೋವು ಎಲ್ಲಿ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ನೆಲದಡಿಯ ಇಂಜಿನ್ನು ಸೀಟುಗಳನ್ನು ನಡುಗಿಸುತ್ತಿತ್ತು. ಶಾಖ, ಶಬ್ದ ತಡೆಯಲೆಂದು ಎಷ್ಟೋ ಗಾಡಿಗಳ ಒಡಲಿಗೆ ನೀಲಿ ಆಸ್ಬೆಸ್ಟಾಸ್ ಬಳಿದಿದ್ದರು, ಮುಂದೆ ಅದರ ಅಪಾಯ ತಿಳಿದಾಗ ಅನೇಕವು ಗುಜರಿ ಸೇರಿದವು. ಮಾದರಿ ಇದನ್ನೆಲ್ಲ ಹೇಳಲಾರದು. ಆದರೆ ಈ ಹವ್ಯಾಸ ಚಂದವನ್ನಷ್ಟೇ ಹುಡುಕುತ್ತದೆ ಎನ್ನುವುದು ಸರಿಯಲ್ಲ. ಛಾವಣಿಯ ಮಸಿ, ಬಿಸಿಲಿಗೆ ಮಾಸಿದ ನೀಲಿ, ಕೊನೆಯ ವರ್ಷಗಳಲ್ಲಿ ಬೇರೆ ಬೇರೆ ಕಾರ್ಖಾನೆಗಳ ಬೋಗಿಗಳನ್ನು ಸೇರಿಸಿ ಓಡಿಸಿದ ಬೆರಕೆ ಜೋಡಿಗಳು, ಇವನ್ನು ಶ್ರದ್ಧೆಯಿಂದ ಮೂಡಿಸುವವರು ಹಂಬಲಕ್ಕೆ ಬಿದ್ದು ಸುಳ್ಳು ಹೇಳುತ್ತಿಲ್ಲ. ಅಳತೆಯ ವಿಷಯದಲ್ಲಿ ಒಂದು ಹಳೆಯ ತಪ್ಪೂ ಇದೆ: ಡಬಲ್ ಓ ಹಳಿಯ ಅಗಲ 16.5 ಮಿಲಿಮೀಟರ್, ಇರಬೇಕಾದದ್ದು 18.83. ಬ್ರಿಟನ್ನಿನ ಕಿರಿದಾದ ಬೋಗಿಗಳೊಳಗೆ ಅಂದಿನ ಮೋಟಾರು ಹಿಡಿಸಲೆಂದು ಒಡಲನ್ನು ಮಾತ್ರ ಹಿಗ್ಗಿಸಿದ ಫಲ ಇದು. ತಪ್ಪು ಎಲ್ಲರಿಗೂ ಗೊತ್ತು. ಅದನ್ನು ಸಹಿಸದವರು ಇಎಂ, ಪಿ4 ಎಂಬ ಅಳತೆಗಳಿಗೆ ಹೋಗಿ ಹಳಿಯನ್ನೇ ಹೊಸದಾಗಿ ಕಟ್ಟಿಕೊಂಡರು.

ಮಾದರಿ ತಯಾರಕರ ಚರಿತ್ರೆಯೂ ಇದೇ ದಿಕ್ಕಿನಲ್ಲಿ ಸಾಗಿದೆ. ಟ್ರೈಯಾಂಗ್, ಆಮೇಲೆ ಇಟಲಿಯ ಲೀಮಾ ಮಾಡಿದ ಗಾಡಿಗಳಲ್ಲಿ ಮೋಟಾರು ಪ್ರಯಾಣಿಕರ ಜಾಗವನ್ನೇ ತುಂಬಿಕೊಂಡು ಕಿಟಕಿಯಲ್ಲಿ ಕಾಣುತ್ತಿತ್ತು. ಅಸಲಿ ಗಾಡಿಯ ಹೆಗ್ಗಳಿಕೆಯಾದ ತೆರೆದ ಒಳಾಂಗಣವೇ ಇಲ್ಲವಾಗುತ್ತಿತ್ತು. ಈ ಶತಮಾನದಲ್ಲಿ ಬಾಕ್‌ಮನ್‌ನ ಕ್ಲಾಸ್ 108, ಡಪೋಲ್‌ನ ಒಂಟಿ ಬೋಗಿಯ ಕ್ಲಾಸ್ 121 ವರ್ಗದ ಮಾದರಿಗಳು ಬರುವ ಹೊತ್ತಿಗೆ ಯಂತ್ರ ಕಿಟಕಿಗಳ ಕೆಳಗೆ ಅಡಗಿ, ಡ್ರೈವರ್ ಹಿಂದಿನ ಸೀಟು ಮತ್ತೆ ಕಾಣಿಸಿತು. ಡಿಜಿಟಲ್ ಧ್ವನಿ ಬಂದ ಮೇಲೆ ಗೇರು ಬದಲಿಸುವಾಗ ಇಂಜಿನ್ನು ಒಂದು ಕ್ಷಣ ಸುಮ್ಮನಾಗಿ ಮತ್ತೆ ಗುಡುಗುವುದೂ ಸೇರಿಕೊಂಡಿತು. ಅಸಲಿ ರೈಲುಗಳ ಕಡೆಗೆ ಬಂದರೆ, ಸಾಮಾನ್ಯ ಗಾಡಿಗಳಲ್ಲಿ ಕೆಲವು ದೀರ್ಘಾಯುಷಿಗಳು: 1956ರಲ್ಲಿ ಹುಟ್ಟಿದ ಕ್ಲಾಸ್ 101 ವರ್ಗ 2003ರವರೆಗೆ ದುಡಿಯಿತು, ಕ್ಲಾಸ್ 121 ಏಲ್ಸ್‌ಬರಿಯ ಕವಲು ಮಾರ್ಗದಲ್ಲಿ 2017ರವರೆಗೂ ಓಡಿತು. ಲಂಗೋಲೆನ್, ಎಕಲ್ಸ್‌ಬೋರ್ನ್ ಕಣಿವೆಯಂಥ ಪಾರಂಪರಿಕ ಮಾರ್ಗಗಳು ಈ ಪೀಳಿಗೆಯ ಗಾಡಿಗಳನ್ನು ಕಾಪಾಡಿ ಓಡಿಸಿವೆ. ಆ ಭಾಗ್ಯ ಎಲ್ಲಕ್ಕೂ ಸಿಗಲಿಲ್ಲ. 1960ರಲ್ಲಿ ಮ್ಯಾಂಚೆಸ್ಟರ್ ಮತ್ತು ಲಂಡನ್ ನಡುವೆ ಓಡತೊಡಗಿದ, ಆ ಪೀಳಿಗೆಯಲ್ಲೇ ಅತ್ಯಂತ ಐಷಾರಾಮಿಯಾದ ಬ್ಲೂ ಪುಲ್‌ಮನ್ ರೈಲುಗಳು 1973ರಲ್ಲಿ ನಿಂತವು. ಒಂದು ಬೋಗಿಯೂ ಉಳಿಯದೆ ಎಲ್ಲವನ್ನೂ ಒಡೆದುಹಾಕಲಾಯಿತು. ಆ ರೈಲಿನ ಉದ್ದ, ಮೂತಿಯ ಬಾಗು, ನೀಲಿ ಬಿಳಿಯ ಹಂಚಿಕೆ ಇವನ್ನು ಮುಟ್ಟಿ ನೋಡಬೇಕೆಂದರೆ ಈಗ ಉಳಿದಿರುವುದು ಮಾದರಿಗಳು ಮಾತ್ರ. ಅಸಲಿ ರೈಲು ಓಡುತ್ತಿದ್ದಾಗಲೇ ಟ್ರೈಯಾಂಗ್ ಮಾಡಿದ ಒಂದು ಆಟಿಕೆ, ದಶಕಗಳ ನಂತರ ಬಾಕ್‌ಮನ್ ಹೊಸದಾಗಿ ಕಟ್ಟಿದ ಇನ್ನೊಂದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹಳೆಯ ಛಾಯಾಚಿತ್ರಗಳೊಡನೆ ಹೋಲಿಸಿ ಎಲ್ಲಿ ಯಾರು ತಪ್ಪಿದ್ದಾರೆಂದು ಹವ್ಯಾಸಿಗಳು ತರ್ಕಿಸುವಾಗ, ಅವರು ಮಾಡುತ್ತಿರುವುದು ಮೂಲಪ್ರತಿ ಕಳೆದುಹೋದ ಗ್ರಂಥವನ್ನು ಪರಿಷ್ಕರಿಸುವ ವಿದ್ವಾಂಸರ ಕೆಲಸವನ್ನೇ.