ಟಂಕಸಾಲೆಯ ತಪ್ಪೋ, ಸುತ್ತಿಗೆಯ ಪೆಟ್ಟೋ?

ಬ್ಯಾಂಕಿನಲ್ಲಿ ಕೆಲಸ ಎಂದು ತಿಳಿದರೆ ಸಾಕು, ಇಲ್ಲಿ ಮುಂಬಯಿಯ ಕನ್ನಡ ಗೆಳೆಯರು ಜೇಬಿನಿಂದ ಒಂದು ಸೊಟ್ಟ ನಾಣ್ಯ ತೆಗೆಯುತ್ತಾರೆ. "ಇದು ಟಂಕಸಾಲೆಯಲ್ಲೇ ತಪ್ಪಾಗಿ ಬಂದದ್ದಂತೆ, ಸಾವಿರಾರು ರೂಪಾಯಿ ಸಿಗುತ್ತಂತೆ, ಹೌದಾ ಸಾರ್?" ಅಂತೆಕಂತೆಗಳ ಈ ಸಂತೆಯಲ್ಲಿ ದುಡ್ಡು ಕಳೆದುಕೊಂಡವರೂ ಇದ್ದಾರೆ. ಅದಕ್ಕೇ ಸ್ವಲ್ಪ ಇತಿಹಾಸ ನೋಡೋಣ.

ತಪ್ಪು ಯಾವುದು ಎಂದು ಹೇಳಬೇಕಾದರೆ, ನಾಣ್ಯ ಹೇಗೆ ತಯಾರಾಯಿತು ಎಂದು ಮೊದಲು ಗೊತ್ತಿರಬೇಕು. ಮೊಘಲರ ರೂಪಾಯಿ, ಮರಾಠರ ಶಿವರಾಯಿ ಎಲ್ಲ ಕೈಯಿಂದ ಸುತ್ತಿಗೆಯಲ್ಲಿ ಹೊಡೆದವು. ಸಾಮಾನ್ಯವಾಗಿ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹಾಗಾಗಿ ಬರಹದ ಒಂದಷ್ಟು ಭಾಗ ಹೊರಗೇ ಉಳಿಯುತ್ತಿತ್ತು. ಅದು ತಪ್ಪಲ್ಲ, ಅಂದಿನ ಪದ್ಧತಿ. ಹಳೆಯ ಬೆಳ್ಳಿ ರೂಪಾಯಿಗಳ ಮೇಲೆ ಕಾಣುವ ಸಣ್ಣ ಸಣ್ಣ ಮುದ್ರೆಗಳು ಚಿನಿವಾರರು ಬೆಳ್ಳಿ ಪರೀಕ್ಷಿಸಿ ಒತ್ತಿದವು. ಅವು ಟಂಕಸಾಲೆಯವಲ್ಲ, ಪೇಟೆಯವು.

ಮುಂಬಯಿ ಕೋಟೆ ಪ್ರದೇಶದ ಟಂಕಸಾಲೆ 1829ರದು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನಾಲ್ಕನೇ ವಿಲಿಯಂ ದೊರೆಯ ತಲೆಯಿರುವ, ಒಂದು ತೊಲ ತೂಕದ, ಒಂದೇ ಬಗೆಯ ರೂಪಾಯಿ ತಂದಿತು. ಯಂತ್ರ ಬಂದ ಮೇಲೆ ಸಾವಿರ ನಾಣ್ಯ ಹೊಡೆದರೂ ಎಲ್ಲ ಒಂದೇ ರೀತಿ. ಆಗಲೇ "ತಪ್ಪು" ಎನ್ನುವ ಮಾತಿಗೆ ಅರ್ಥ ಬಂದದ್ದು.

ಯಂತ್ರದ ತಪ್ಪಿಗೂ ಒಂದು ಕ್ರಮವಿದೆ. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಒಂದು ಬದಿಗೆ ಸರಿಯಾದ ಚಿತ್ರ, ಇನ್ನೊಂದು ಬದಿಗೆ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ತಗ್ಗಾಗಿ ಬೀಳುತ್ತದೆ. ಎರಡು ನಾಣ್ಯಗಳನ್ನು ವೈಸಿನಲ್ಲಿ ಒತ್ತಿಯೂ ತಿರುಗಿದ ಅಕ್ಷರ ಮೂಡಿಸಬಹುದು. ಆದರೆ ಅದರಡಿಯಲ್ಲಿ ಮೊದಲಿನ ಚಿತ್ರ ಚಪ್ಪಟೆಯಾಗಿ ಇಣುಕುತ್ತದೆ.

ಅಕ್ಷರ ಮಸುಕಾಗಿದೆಯೇ? ತೂಕ ಮಾಡಿ. ಅಚ್ಚಿನಲ್ಲಿ ಗ್ರೀಸ್ ತುಂಬಿ ಹಾಗಾಗಿದ್ದರೆ ತೂಕ ಕಡಿಮೆಯಾಗದು. 1992ರ 5 ರೂಪಾಯಿ ನಾಣ್ಯ 9 ಗ್ರಾಂ. ಅರದಿಂದ ಉಜ್ಜಿದ್ದರೆ ಅಷ್ಟು ತೂಗುವುದಿಲ್ಲ. ಅಂಚು ಕಚ್ಚಿದಂತಿದೆಯೇ? ಬಿಲ್ಲೆಯೇ ಹಾಗೆ ಕತ್ತರಿಸಿ ಬಂದಿದ್ದರೆ ಎದುರು ಬದಿಯ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಮನೆಯಲ್ಲಿ ಕತ್ತರಿಸಿದವನಿಗೆ ಇದು ಹೊಳೆಯುವುದಿಲ್ಲ.

ಉಳಿದಂತೆ ಗೀರು, ತಗ್ಗು, ಬಾಗು, ಕಪ್ಪು ಬಣ್ಣ ಇವೆಲ್ಲ ನಾಣ್ಯ ಊರೂರು ತಿರುಗಿದ್ದಕ್ಕೆ ಸಾಕ್ಷಿ. ಮುಖಬೆಲೆಗಿಂತ ಹೆಚ್ಚೇನೂ ಸಿಗದು.

ಇನ್ನೊಂದು ಮಾತು. ತನ್ನ ಹೆಸರು ಹೇಳಿ ಹಳೆಯ ನಾಣ್ಯ ವ್ಯವಹಾರಕ್ಕೆ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ನಿಮ್ಮ ಸೊಟ್ಟ ನಾಣ್ಯಕ್ಕೆ ಲಕ್ಷ ಕೊಡುತ್ತೇನೆ ಎಂದವನು ಮೊದಲು ನಿಮ್ಮಿಂದಲೇ ಐನೂರು ಕೇಳಿದರೆ, ನಾಣ್ಯ ಹೇಗೇ ಇರಲಿ, ವ್ಯವಹಾರವಂತೂ ಖೋಟಾ.