ಕಾಳಿ, ಗುಂಡ ಮತ್ತು ಹೊಸ ಮರಿ: ಒಂದಿಷ್ಟು ಬೆಕ್ಕಿನ ಇತಿಹಾಸ

ಸಂಕ್ರಾಂತಿಗೆ ಊರಿಗೆ ಹೋದಾಗ ಒಂದು ಎಡವಟ್ಟು ಮಾಡಿಕೊಂಡೆ. ನಮ್ಮೂರು ಯಾಪಲದಿನ್ನಿ, ರಾಯಚೂರು ತಾಲೂಕು. (ನಮ್ಮ ಗಡಿ ಕಡೆಯ ತೆಲುಗಿನಲ್ಲಿ ‘ಯಾಪ’ ಅಂದ್ರೆ ಬೇವು, ‘ದಿನ್ನಿ’ ಅಂದ್ರೆ ದಿಬ್ಬ.) ಮನೆಯಲ್ಲಿ ಮೊದಲೇ ಎರಡು ಬೆಕ್ಕು: ಹತ್ತು ವರ್ಷದ ಕಾಳಿ, ಅದರ ಮಗ ಗುಂಡ. ರಾಯಚೂರಿನ ಗೆಳೆಯನ ಮನೆಯಲ್ಲಿ ಎರಡು ತಿಂಗಳ ಮರಿಯೊಂದು ಸಿಕ್ತು. ರಟ್ಟಿನ ಡಬ್ಬಿಯಲ್ಲಿ ಹಾಕ್ಕೊಂಡು ಬಂದವನು ಸೀದಾ ಅಡುಗೆಮನೆಯಲ್ಲಿ ಕಾಳಿಯ ಮುಂದೆ ಬಿಟ್ಟೆ. ಕಾಳಿ ಬೆನ್ನು ಬಿಲ್ಲು ಮಾಡಿ ಬುಸುಗುಟ್ಟಿತು, ಗುಂಡ ಒಂದು ಏಟು ಬಾರಿಸಿತು. ಮರಿ ಒಲೆ ಹಿಂದೆ, ಕಾಳಿ ಮನೆಯಿಂದಾಚೆ. ಮೂರು ದಿನ ಪತ್ತೆಯೇ ಇಲ್ಲ!

“ಅದರ ಮನಿಗೆ ಅದನ್ನ ಕೇಳ್ದಂಗ ಇನ್ನೊಂದನ್ನ ತಂದಿಟ್ಟಿ. ಇಂಜಿನಿಯರ್ ಆಗಿ ಏನ್ ಬಂತಪಾ?” ಅಂದಳು ಅವ್ವ. ಆಮೇಲೆ ಮಾತೇ ಇಲ್ಲ. ಅಪ್ಪ ಹೋದ ಮೇಲೆ ರಾತ್ರಿ ಅವ್ವನ ಕಾಲ ಬಳಿ ಮಲಗೋದು ಆ ಕಾಳಿಯೇ. ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕುಟ್ಟುತ್ತಾ ಕೂತಿರ್ತೀನಿ. ಅದು ಆಗ ತಟ್ಟಿತು ನೋಡಿ.

ಹುಡುಕಿ ಸುಸ್ತಾಗಿ, ನಿದ್ದೆ ಬರದ ರಾತ್ರಿಗಳಲ್ಲಿ ಬೆಕ್ಕಿನ ಇತಿಹಾಸ ಓದುತ್ತಾ ಹೋದೆ. ಅವ್ವ ಒಂದು ಸಾಲಿನಲ್ಲಿ ಹೇಳಿದ್ದೇ ಅಲ್ಲಿ ಉದ್ದಕ್ಕೂ ಇತ್ತು.

ನಾಯಿ, ಕುರಿ, ದನ ಎಲ್ಲವೂ ಮೂಲದಲ್ಲಿ ಗುಂಪಿನ ಪ್ರಾಣಿಗಳು. ಮನೆ ಬೆಕ್ಕಿನ ಮೂಲ ಮಾತ್ರ ಒಂಟಿಯಾಗಿ ಬೇಟೆಯಾಡೋ ಕಾಡುಬೆಕ್ಕು, ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣ ಬಯಲಿನದು. 2007ರಿಂದೀಚೆಗಿನ ಡಿಎನ್‌ಎ ಅಧ್ಯಯನಗಳು ಇದನ್ನೇ ಹೇಳುತ್ತವೆ. (ನಮ್ಮ ಹೊಲಗಳಲ್ಲಿ ಕಾಣೋ ಕಾಡುಬೆಕ್ಕು ಬೇರೆ ಜಾತಿ.) ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷ ಹಳೆಯ ಗೋರಿಯೊಂದರಲ್ಲಿ ಮನುಷ್ಯನ ಪಕ್ಕ ಬೆಕ್ಕನ್ನೂ ಮಣ್ಣು ಮಾಡಿದ್ದು 2004ರಲ್ಲಿ ಬೆಳಕಿಗೆ ಬಂತು. ಮನುಷ್ಯ ಕಾಳು ಕೂಡಿಟ್ಟ, ಕಾಳಿಗೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಅಂದ್ರೆ ಅದು ಬಂದದ್ದು ನಮ್ಮ ಮೇಲಿನ ಪ್ರೀತಿಗಲ್ಲ, ನಮ್ಮ ಜಾಗಕ್ಕೆ! :-)

ನಮ್ಮ ಕಡೆ ಇದು ಬೇಗ ಅರ್ಥ ಆಗುತ್ತೆ. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ದೋಆಬ್ ಜೋಳದ ನಾಡು. ಹಿಂದೆ ಜೋಳವನ್ನು ಹಗೇವಿನಲ್ಲಿ, ಅಂದ್ರೆ ನೆಲದೊಳಗಿನ ಗುಂಡಿಯಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಇಲಿಯ ಆಟ ನಡೆಯಲ್ಲ. ಆದ್ರೆ ತೆಗೆದು ಚೀಲಕ್ಕೆ ತುಂಬಿದ ದಿನದಿಂದ ಮನೆಗೊಂದು ಬೆಕ್ಕು ಬೇಕೇ ಬೇಕು.

ಉಪಖಂಡದ ಹಳೆಯ ಗುರುತು ಬೇಕಂದ್ರೆ ಸಿಂಧ್‌ನ ಚನ್ಹುದಾರೋಗೆ ಹೋಗಬೇಕು. 1935-36ರ ಉತ್ಖನನದಲ್ಲಿ ಅಲ್ಲಿ ಸಿಕ್ಕ ಇಟ್ಟಿಗೆಯೊಂದರ ಮೇಲೆ ಬೆಕ್ಕಿನ ಹೆಜ್ಜೆ, ಜೊತೆಗೆ ನಾಯಿಯ ಹೆಜ್ಜೆ. ಹಸಿ ಇಟ್ಟಿಗೆ ಒಣಗೋ ಮುಂಚೆ ತುಳಿದು ಓಡಿದ್ದು! 4000 ವರ್ಷ ಹಿಂದೆಯೂ ಪರಿಚಯ ಮಾಡಿಸೋದು ಸುಲಭ ಇರಲಿಲ್ಲ ಅನ್ಸುತ್ತೆ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆಲ್ಲ ಗೊತ್ತು. ಇಲಿ ಕಾಟಕ್ಕೆ ಕೃಷ್ಣದೇವರಾಯ ಮನೆಮನೆಗೂ ಬೆಕ್ಕು, ಅದಕ್ಕೆ ಹಾಲು ಕೊಡೋಕೆ ಹಸು ಹಂಚಿದ. ತೆನಾಲಿ ಮೊದಲ ದಿನವೇ ಕುದಿಯೋ ಹಾಲಿಟ್ಟ. ಆಮೇಲೆ ಆ ಬೆಕ್ಕು ಹಾಲು ಕಂಡ್ರೆ ಓಟ. ಕಥೆ ಜನ ಕಟ್ಟಿದ್ದು ಇರಬಹುದು, 1520ರಲ್ಲಿ ನಮ್ಮ ರಾಯಚೂರು ಕೋಟೆ ಗೆದ್ದ ರಾಯನಿಗೆ ಬೆಕ್ಕು ಹಂಚೋ ಪುರುಸೊತ್ತು ಎಲ್ಲಿತ್ತು? ಆದ್ರೆ ಬೆಕ್ಕಿನ ಮೊದಲ ಅನುಭವ ಅಳಿಸೋದಿಲ್ಲ ಅನ್ನೋದು ಮಾತ್ರ ನೂರಕ್ಕೆ ನೂರು ನಿಜ. ನಾನು ಮಾಡಿದ್ದೂ ಅದನ್ನೇ, ಹಾಲಿನ ಬದಲು ಮರಿ.

ನಿಜವಾಗಲೂ ಬೆಕ್ಕು ಸಾಕಿ ಅಂದ ಕಾಲವೂ ಬಂತು. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿಯ ಚಿಗಟದಿಂದ ರೋಗ ಹರಡುತ್ತೆ ಅಂತ ಪಾಲ್-ಲೂಯಿ ಸಿಮಾಂಡ್ ಕರಾಚಿಯಲ್ಲಿ ತೋರಿಸಿದ್ದೂ 1898ರಲ್ಲೇ. 1908ರಲ್ಲಿ ಅಮರಾವತಿ ಕಡೆಯ ಬ್ರಿಟಿಷ್ ವೈದ್ಯ ಬುಕಾನನ್, ಬೆಕ್ಕು ಹೆಚ್ಚಿರೋ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ ಅಂತ ಬರೆದ. ಬೆಕ್ಕಿಗೂ ಪ್ಲೇಗು ತಗಲುತ್ತೆ, ಅದರಿಂದ ಮನುಷ್ಯನಿಗೂ ಬರಬಹುದು ಅಂತ ಈಗ ಗೊತ್ತು. ಇರ್ಲಿ.

ವಿಷಯಕ್ಕೆ ಬರೋಣ. ಒಂಟಿ ಬೇಟೆಗಾರನಿಗೆ ಜಾಗವೇ ಆಸ್ತಿ, ವಾಸನೆಯೇ ಅದರ ಪಹಣಿ. ಕಂಬಕ್ಕೆ, ಚೀಲಕ್ಕೆ, ನಮ್ಮ ಕಾಲಿಗೆ ಕೆನ್ನೆ ಉಜ್ಜಿ ಅದು ಬರೆದುಕೊಳ್ಳೋದು ‘ಇದು ನನ್ನದು’ ಅಂತ. ಹೊಸಬರು ಮೊದಲು ವಾಸನೆಯಾಗಿ ಬರಬೇಕು, ಆಮೇಲೆ ಕಣ್ಣಿಗೆ ಬೀಳಬೇಕು.

ನಾಲ್ಕನೇ ದಿನ ಬೆಳಗ್ಗೆ ಕಾಳಿ ಹಿತ್ತಲ ಕೋಣೆಯ ಜೋಳದ ಚೀಲದ ಮೇಲೆ ಕೂತಿತ್ತು. ಅವ್ವ ಕಣ್ಣೊರೆಸಿಕೊಂಡು ಕೆಲಸ ಶುರು ಮಾಡಿದಳು. ಮರಿಯನ್ನು ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿದಳು. ಕಾಳಿ ಮಲಗಿದ್ದ ಹಳೇ ಸೀರೆ ತುಂಡು ಮರಿಗೆ, ಮರಿ ಮಲಗಿದ್ದು ಕಾಳಿಗೆ. ಬಾಗಿಲ ಆಚೆ ಈಚೆ ಹಾಲು-ಅನ್ನ, ದಿನಾ ತಟ್ಟೆ ಸ್ವಲ್ಪ ಸ್ವಲ್ಪ ಹತ್ತಿರ. ಹತ್ತು ದಿನದ ಮೇಲೆ ಬಾಗಿಲು ನಾಲ್ಕು ಬೆರಳು ತೆಗೆದಳಂತೆ. ಪಶುವೈದ್ಯರು ಹೇಳೋದೂ ಇದೇ ಕ್ರಮ. ಅವ್ವ ಯಾವ ಪುಸ್ತಕವನ್ನೂ ಓದಿಲ್ಲ.

ಮೊನ್ನೆ ಫೋನಿನಲ್ಲಿ ಕೇಳಿದೆ. “ಗುಂಡ ಮರಿ ಜೋಡಿ ಮಲಗ್ತದ. ಕಾಳಿ ಇನ್ನೂ ಒಂದು ಮಾರು ದೂರ ಕೂಡ್ತದ, ಬಡಿಯಂಗಿಲ್ಲ ಅಷ್ಟ. ಸಾಕಲ್ಲ?” ಅಂದಳು.

ಸಾಕವ್ವ, ಅಷ್ಟೇ ಸಾಕು.

ನಿಮ್ಮೂರ ಕಡೆ ಹೊಸ ಮರಿ ತಂದ್ರೆ ಏನು ಮಾಡ್ತಾರೆ? ತಿಳಿಸಿ.