ಚಲಚ್ಚಿತ್ರದಲ್ಲಿ ಆಚಾರವೂ ಆಧುನಿಕತೆಯೂ

ಹಳೆಯ ಆಚಾರವೂ ಹೊಸ ನಡೆವಳಿಕೆಯೂ ಎದುರುಬದುರಾಗಿ ನಿಂತಾಗ ಕಥೆಗಾರನು ಅವೆರಡರ ವಾದವನ್ನು ಮಾತಿನಲ್ಲಿ ಹೇಳಬಲ್ಲನು. ಚಲಚ್ಚಿತ್ರಕಾರನಾದರೋ ಅದನ್ನು ಕಣ್ಣಿಗೆ ಕಾಣಿಸಬೇಕು. ಕನ್ನಡದಲ್ಲಿ ಈ ಕಾರ್ಯವನ್ನು ಕೈಕೊಂಡ ಮೂರು ಪ್ರಸಿದ್ಧ ಚಿತ್ರಗಳು ಅಪರಕರ್ಮವನ್ನೇ ನಡುವಿಟ್ಟುಕೊಂಡಿರುವುದು ಗಮನಾರ್ಹವಾಗಿದೆ. ಪಟ್ಟಾಭಿರಾಮರೆಡ್ಡಿಯವರ ‘ಸಂಸ್ಕಾರ’ (1970), ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಎಂಬೆರಡು ಅನಂತಮೂರ್ತಿಯವರ ಕೃತಿಗಳನ್ನು ಆಧರಿಸಿದ ಅಗ್ರಹಾರದ ಕಥೆಗಳು. ರಾಮ್ ರೆಡ್ಡಿಯವರ ‘ತಿಥಿ’ (2015) ನಮ್ಮ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಳ್ಳಿಯವರನ್ನೇ ಪಾತ್ರಧಾರಿಗಳನ್ನಾಗಿ ಮಾಡಿ ತೆಗೆದುದು.

ಇದಕ್ಕೆ ಕಾರಣವುಂಟು. ಮದುವೆಯನ್ನು ಮುಂದಕ್ಕೆ ಹಾಕಬಹುದು, ಶವವು ಕಾಯಲಾರದು. ಆಚಾರವನ್ನು ಮೀರಿದ ನಾರಣಪ್ಪನಿಗೆ ಸಂಸ್ಕಾರವನ್ನು ಮಾಡುವವರಾರೆಂದು ಕುಲವು ಅಂದೇ ಹೇಳಬೇಕಾಗುತ್ತದೆ. ‘ಘಟಶ್ರಾದ್ಧ’ದಲ್ಲಿಯಾದರೋ ಕರ್ಮವು ನಡೆಯುವುದು ಬದುಕಿರುವವಳಿಗೆ.

ವೇದಪಾಠಶಾಲೆಯ ಗುರುಗಳಾದ ಉಡುಪರ ಮಗಳು ಯಮುನೆ ವಿಧವೆ. ಊರಿನ ಹೊಸ ಶಾಲೆಯ ಉಪಾಧ್ಯಾಯನಿಂದ ಅವಳು ಗರ್ಭಿಣಿಯಾಗುತ್ತಾಳೆ. ಅವನು ಅವಳನ್ನು ಕೈಬಿಡುತ್ತಾನೆ. ಹೊಸ ವಿದ್ಯೆಯು ಅವಳಿಗೆ ಆಸರೆಯಾಗಲಿಲ್ಲ. ಹಳೆಯ ವಿದ್ಯೆಯು ಅವಳನ್ನು ಹೊರಗೆ ಹಾಕಿತು. ಇದೆಲ್ಲವನ್ನೂ ನಾವು ನಾಣಿಯೆಂಬ ಬಾಲವಿದ್ಯಾರ್ಥಿಯೊಡನೆ ನೋಡುತ್ತೇವೆ. ಎಸ್. ರಾಮಚಂದ್ರರ ಕಪ್ಪುಬಿಳುಪಿನ ಛಾಯಾಗ್ರಹಣವು ಆ ಮಗುವಿನ ಮುಖದ ಮೇಲೆ ನಿಲ್ಲುತ್ತದೆ. ಅವನಿಗೆ ಅರೆಯಾಗಿ ತಿಳಿದುದು ನಮಗೆ ಪೂರ್ತಿಯಾಗಿ ತಿಳಿಯುತ್ತದೆ. ಕಡೆಯಲ್ಲಿ ತಲೆಬೋಳಿಸಿದ ಯಮುನೆ ಮರದಡಿಯಲ್ಲಿ ಒಂಟಿಯಾಗಿ ಕುಳಿತಿರುವುದನ್ನೂ ಅವನೇ ಕಾಣುತ್ತಾನೆ.

ಅಮೆರಿಕದ ‘ವಿಟ್ನೆಸ್’ (1985) ಎಂಬ ಚಿತ್ರದಲ್ಲಿಯೂ ಸಾಕ್ಷಿಯು ಬಾಲಕನೇ. ಪೆನ್ಸಿಲ್ವೇನಿಯದ ಆಮಿಶ್ ಜನರು ಮೋಟಾರನ್ನು ಒಲ್ಲದೆ ಕುದುರೆಯ ಗಾಡಿಯಲ್ಲಿ ಸಂಚರಿಸುವ, ಆಯುಧ ಹಿಡಿಯದ ಕ್ರೈಸ್ತ ಪಂಗಡದವರು. ಅವರ ಹುಡುಗನು ನಗರದ ರೈಲ್ವೆ ನಿಲ್ದಾಣದಲ್ಲಿ ಕೊಲೆಯೊಂದನ್ನು ಕಾಣುತ್ತಾನೆ. ಪೊಲೀಸ್ ಠಾಣೆಯಲ್ಲಿ ಕೊಲೆಗಾರನ ಭಾವಚಿತ್ರವನ್ನು ಮಾತಿಲ್ಲದೆ ಬೆರಳಿನಿಂದ ತೋರಿಸುತ್ತಾನೆ. ಕಡೆಗೆ ಆ ಮಗು ಗಂಟೆ ಬಾರಿಸಲು ನೆರೆಹೊರೆಯವರು ಬಂದು ಸುಮ್ಮನೆ ನಿಲ್ಲುತ್ತಾರೆ. ಅಷ್ಟು ಕಣ್ಣುಗಳೆದುರು ಬಂದೂಕು ಹಿಡಿದವನು ಸೋಲುತ್ತಾನೆ.

ಕಣ್ಣಾರೆ ಕಂಡವನೇ ಸಾಕ್ಷಿಯೆಂದು ವೈಯಾಕರಣರು ಹೇಳುವರು. ಉಪಾಯವು ಎರಡರಲ್ಲಿಯೂ ಒಂದೇ; ತೀರ್ಪು ಬೇರೆ. ಅಲ್ಲಿ ಕೇಡು ಹೊರಗಿನಿಂದ ಬಂದಿತು, ನೆರೆದ ಜನವು ರಕ್ಷಿಸಿತು. ಇಲ್ಲಿ ಕ್ರೌರ್ಯವು ಮನೆಯೊಳಗೇ ಇದ್ದಿತು, ನೆರೆದ ಜನವೇ ದಂಡಿಸಿತು.

ಹೀಗಿರಲು ‘ಘಟಶ್ರಾದ್ಧ’ವು ಶಾಸ್ತ್ರದ ನಿಂದೆಯೆಂದು ಸಂಪ್ರದಾಯಸ್ಥರು ಮುನಿಯಬೇಕೆ? ಮನುಸ್ಮೃತಿಯ 11ನೆಯ ಅಧ್ಯಾಯವನ್ನು ತೆರೆದು ನೋಡಬೇಕು. ಪತಿತನಿಗೆ ಬದುಕಿರುವಾಗಲೇ ಜಲದಾನ ಮಾಡಿ ಘಟವನ್ನು ಉರುಳಿಸುವ ವಿಧಿಯು ಅಲ್ಲಿರುವುದು ನಿಜ. ಆದರೆ ಪ್ರಾಯಶ್ಚಿತ್ತವಾದ ಮೇಲೆ ಹೊಸ ಘಟದೊಡನೆ ಅವನನ್ನು ಕೂಡಿಸಿಕೊಳ್ಳುವ ವಿಧಿಯೂ ಅಲ್ಲಿಯೇ ಇದೆ. ಸ್ತ್ರೀಯಾದರೆ ಅನ್ನಪಾನವಸ್ತ್ರಗಳನ್ನು ಕೊಟ್ಟು ಮನೆಯ ಸಮೀಪದಲ್ಲಿಯೇ ಇರಿಸಬೇಕೆಂದೂ ಹೇಳಿದೆ. ಘಟವನ್ನು ಒಡೆಯುವ ವಾಕ್ಯವನ್ನು ನೆನಪಿಟ್ಟುಕೊಂಡ ಅಗ್ರಹಾರವು ಅನ್ನವಿಡುವ ವಾಕ್ಯವನ್ನು ಮರೆಯಿತು.

ಈ ಚಿತ್ರಕ್ಕೆ ಸ್ವರ್ಣಕಮಲವು ಬಂದಿತು; ಜೀರ್ಣೋದ್ಧಾರಗೊಂಡ ಪ್ರತಿಯು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ವಿದೇಶೀಯರು ಅದರ ಕಲೆಯನ್ನು ಮೆಚ್ಚಲಿ. ಪಾಠಶಾಲೆಗಳಲ್ಲಿ ಓದಿದವರು ಮೊದಲು ನೋಡಬೇಕಾದುದು ಆ ಮರದಡಿಯ ಯಮುನೆಯನ್ನು.